ಸಹಿಗೆ ಬಿಟ್ಟ ಜಾಗ

ಬೋಂಡದಕ್ಕನ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಕಾದ ಎಣ್ಣೆ ವರ್ಷಾನುಗಟ್ಟಲೆ ಅವನ್ನು ತಿಂದುಹಾಕಿ, ಬೆರಳು ಹುಣಸೆಬೀಜದಂತೆ ನುಣ್ಣಗಾಗಿತ್ತು. ಕಂಪಲಾಪುರದ ನಮ್ಮ ಬೀದಿಯ ತಗ್ಗಿನ ಕೊನೆಯಲ್ಲಿ ಅವಳ ಮನೆ, ಮುಂದೆಯೇ ಅಂಗಡಿ. ಓದು ಬಾರದು. ಆದರೂ ಸರ್ಕಾರದ ಸಿಂಹದ ಮುದ್ರೆಯಿರುವ ಪತ್ರಿಕೆ ಹಾಳೆಯಲ್ಲಿ ಬೋಂಡ ಕಟ್ಟುತ್ತಿರಲಿಲ್ಲ. ತೆಗೆದಿಟ್ಟು, ಸಿಕ್ಕವರ ಕೈಲಿ ಓದಿಸುತ್ತಿದ್ದಳು.

ಒಂದು ದಿನ ನಾನು ಸಿಕ್ಕಿದೆ. ನಾನು ಶುಂಠಿ ವ್ಯಾಪಾರಿ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಬಡಾವಣೆ ಬರಲಿದೆ, ಆಕ್ಷೇಪಣೆಯಿದ್ದವರು ಮೂವತ್ತು ದಿನದೊಳಗೆ ಬರೆದುಕೊಡಿ ಎಂದಿತ್ತು ಪ್ರಕಟಣೆ. ಪಕ್ಕದಲ್ಲಿ ನಕ್ಷೆ.

"ಕೋಡಿ ನೀರು ಓಗೋ ಕಾಲ್ವೆ ಎಲ್ಲದೆ, ತೋರ್ಸು," ಎಂದಳು.

ಕಾಲುವೆ ಇರಲಿಲ್ಲ. ಅದರ ಜಾಗದಲ್ಲಿ ಸೈಟುಗಳಿದ್ದವು.

"ಕಾಲ್ವೆ ಮುಚ್ಚುದ್ರೆ ನೀರು ನನ್ ಒಲೆಗೇ ಬತ್ತದೆ. ನಮ್ಗೇನೋ ನೋಟೀಸು ಕೊಟ್ಟವ್ರೆ. ನೀರ್ಗೆ ಕೊಟ್ಟವ್ರಾ?"

ನನ್ನ ಕಸುಬಿನಲ್ಲಿ ಮೊದಲು ಬಾಯಿಬಿಟ್ಟವನು ಕೆಟ್ಟ. ಬಡಾವಣೆಯವರೇ ರಸ್ತೆಗೆ ಜಾಗ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ, ಆಗ ಚೌಕಾಸಿ ಮಾಡೋಣ, ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚಬೇಡಿ ಎಂದು ಬೀದಿಗೆಲ್ಲ ಹೇಳಿದೆ. ಎಲ್ಲರೂ ಕೇಳಿದರು. ಅಕ್ಕ ಮಾತ್ರ, ನಾನು ಗಡಿಬಿಡಿಯಲ್ಲಿ ಓದಿದ್ದ ಕೊನೆಯ ಸಾಲನ್ನು ಮತ್ತೆ ಓದಿಸಿದಳು: ಅವಧಿಯೊಳಗೆ ಬರೆದುಕೊಡದವರ ಒಪ್ಪಿಗೆಯಿದೆಯೆಂದು ಭಾವಿಸಲಾಗುವುದು.

"ನೀ ಸುಮ್ಕಿದ್ರೆ ಸುಂಟಿ ರೇಟು ಏರ್ತದೆ ಕಣಪ್ಪ. ಇಲ್ಲಿ ಸುಮ್ಕಿದ್ರೆ ಊಂ ಅಂದಂಗೆ. ಬರಿ."

ಬರೆದೆ. ಸಹಿ ಮಾತ್ರ ಹಾಕಲಿಲ್ಲ.

"ಜಾಗ ಬುಟ್ಟಿರು. ಬುದ್ಧಿ ಬಂದಾಗ ಆಕೀಯಂತೆ."

ಕಚೇರಿಯಲ್ಲಿ ಗುಮಾಸ್ತರು ಅವಳ ಹೆಬ್ಬೆಟ್ಟು ನೋಡಿ, "ಗೆರೆನೇ ಇಲ್ವಲ್ಲಮ್ಮ, ಬರೀ ಮಸಿ," ಎಂದರು.

"ಎಡಗೈದೂ ತಕಳಿ ಸ್ವಾಮಿ, ಅದ್ರಲ್ಲಿ ಇನ್ನೂ ಮಿಕ್ಕದೆ."

ಅರ್ಜಿಗೂ ನಕಲಿಗೂ ಎರಡನ್ನೂ ಒತ್ತಿ, ನಕಲಿಗೆ ಸೀಲು ಹಾಕಿಸಿಕೊಂಡೇ ಬಂದಳು.

ಮೂರು ತಿಂಗಳಿಗೆ ಉತ್ತರ ಬಂತು. ಇಡೀ ಬೀದಿಯಿಂದ ಬಂದಿರುವುದು ಒಂದೇ ಆಕ್ಷೇಪಣೆ. ಉಳಿದವರ ಸಮ್ಮತಿ ಇರುವುದರಿಂದ ತಿರಸ್ಕರಿಸಲಾಗಿದೆ. ಅಕ್ಕ ನನ್ನನ್ನು ಬಯ್ಯಲಿಲ್ಲ. ಟಿಪ್ಪರುಗಳು ಕಾಲುವೆಗೆ ಮಣ್ಣು ಸುರಿಯುತ್ತಿದ್ದಾಗ ಒಲೆಯ ಕೆಳಗೆ ಎರಡು ಇಟ್ಟಿಗೆ ಏರಿಸಿಕೊಂಡು ಬೋಂಡ ಬಿಡುತ್ತಲೇ ಇದ್ದಳು. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಬಡಾವಣೆಯವರು ಬೇರೆ ಕಡೆಯಿಂದ ರಸ್ತೆ ಮಾಡಿಕೊಂಡರು.

ಈ ಬೇಸಿಗೆಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಅಕ್ಕ ಹೋದಳು. ಅವಳ ಮಗಳು ಸೀಲಿನ ಆ ಪ್ರತಿಯನ್ನು ತಂದುಕೊಟ್ಟು, "ಅವ್ವ ನಿಮ್ಗೇ ಕೊಡು ಅಂದಿತ್ತು," ಎಂದಳು. ಓದುವವರಿಗೆ ನನ್ನದೊಂದು ಮಾತು: ಇಂಥ ಪ್ರಕಟಣೆಯನ್ನು ಕೊನೆಯ ಸಾಲಿನಿಂದ ಓದಿ.

ಹಾಳೆಯ ಕೆಳಗೆ ಎರಡು ಹೆಬ್ಬೆಟ್ಟು. ಒಂದಕ್ಕೆ ಗೆರೆಯಿದೆ, ಒಂದಕ್ಕಿಲ್ಲ. ಪಕ್ಕದಲ್ಲಿ ನನ್ನ ಜಾಗ ಹಾಗೇ ಖಾಲಿ. ನಾಲ್ಕು ದಿನದಿಂದ ಮಳೆ ಹಿಡಿದಿದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿಬಂದೆ. ಕೆರೆ ಕೋಡಿ ಬೀಳಲು ಇನ್ನೊಂದು ಗೇಣು.