ವರ್ಲ್ ಹೊತ್ತ ಕೊನೆಯ ತೊಡೆ

ವರ್ಲ್ ಟಗಲ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದರೆ ಕಡಿಮೆ ಹೇಳಿದ ಹಾಗೆ. ಅವನ ಕೈ ಮೊದಲು ಹೋಗುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಒಮ್ಮೆ ಪಾಮರ್ ಊರಿನ ಬಾರಿನಲ್ಲಿ ಹೊರಗಿನಿಂದ ಬಂದ ಬೇಟೆಗಾರನೊಬ್ಬ, ಮೂಸ್ ಎಂಬ ದೈತ್ಯ ಕಡವೆ ಹೊಡೆದೆ, ಕೊಂಬು ಹೊತ್ತು ತಂದೆ, ಮಾಂಸ ನಾಳೆ ತಂದರಾಯಿತು ಎಂದು ಜಂಬ ಕೊಚ್ಚಿದ. ಅಲಾಸ್ಕಾದಲ್ಲಿ ಕೊನೆಯ ತುಂಡು ಮಾಂಸ ಕಾಡಿನಿಂದ ಹೊರಬಂದ ಮೇಲೆಯೇ ಕೊಂಬು ತರಬೇಕು, ಅದು ನಿಯಮ. ವರ್ಲ್ ಕೈಯಲ್ಲಿದ್ದ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು ಅವನ ದವಡೆ ಮುರಿದ. ಎರಡು ಹಲ್ಲು ಕಡಲೆಬೀಜದ ತಟ್ಟೆಗೆ ಬಿದ್ದವು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೇನೂ ಬೇಸರವಾಗಲಿಲ್ಲ, ಸುಳ್ಳೇಕೆ ಹೇಳಲಿ.

ನನ್ನ ಹೆಸರು ನೆಟ್ಟಿ. ವರ್ಲ್‌ನ ತೀರಿಹೋದ ಹೆಂಡತಿಯ ತಮ್ಮ ಕ್ಲೆಮ್‌ನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಬೇಟೆಯ ಬೆನ್ನುಚೀಲ ಹೊಲಿಯುತ್ತಿದ್ದೇನೆ. ಚೀಲ ಹೊತ್ತು ನೋಡುವುದು ವರ್ಲ್‌ನ ಕೆಲಸ. ಹದಿನೈದಕ್ಕೇ ಅಪ್ಪನ ಜೊತೆ ಮರ ಕಡಿಯಲು ಹೋದವನು, ಐವತ್ತೆಂಟಾದರೂ ಕತ್ತೆಗಿಂತ ಹೆಚ್ಚು ಹೊರುತ್ತಿದ್ದ. ಅವನು ಹೂಂ ಅನ್ನುವ ತನಕ ಒಂದು ಚೀಲವೂ ಅಂಗಡಿಗೆ ಹೋಗುತ್ತಿರಲಿಲ್ಲ. ಮರಳು ಮೂಟೆ ತುಂಬಿ ಅಂಗಳದಲ್ಲೇ ನಡೆದು ನೋಡು ಭಾವ ಎಂದು ಕ್ಲೆಮ್ ಹೇಳಿದರೆ ನಗುತ್ತಿದ್ದ.

“ಮರಳು ಸಾಧು ಕಣೋ, ಇಟ್ಟ ಕಡೆ ಇರುತ್ತೆ. ಮಾಂಸ ಹಂಗಲ್ಲ. ಸತ್ತ ಮೇಲೂ ಬೆನ್ನ ಮೇಲೆ ಹೊರಳಾಡ್ತಾ ಇರುತ್ತೆ.”

ಎರಡು ವರ್ಷದ ಹಿಂದೆ ಇಳಿಜಾರಿನಲ್ಲಿ ಅವನ ಸೊಂಟದ ಪಟ್ಟಿಯ ಬಕಲ್ ಪಟ್ಟನೆ ಬಿಚ್ಚಿಕೊಂಡಿತು. ಹೊರೆ ಒಂದೇ ಹೆಗಲಿಗೆ ಜೋತು ಅವನನ್ನು ಬಂಡೆಗಳ ಮೇಲೆ ಉರುಳಿಸಿತು. ಹೆಗಲಿನ ಎಲುಬು ಮುರಿದುಕೊಂಡೇ ಶೆಡ್ಡಿಗೆ ಬಂದು, ಉಳಿದೊಂದು ಕೈಯಲ್ಲಿ ಕ್ಲೆಮ್‌ನನ್ನು ಅದೇ ಚೀಲದಿಂದ ಬಡಿದ. “ಬಿಚ್ಕೊಳ್ಳೋ ಬಕಲ್ ಇನ್ನೊಂದು ಸಲ ಮಾಡಿದ್ರೆ ನಿನ್ನ ಹಲ್ಲಿಂದಲೇ ಪಟ್ಟಿ ಕಚ್ಚಿಸ್ತೀನಿ!” ಎಂದು ಕೂಗಿದ. ಕ್ಲೆಮ್ ಬಾಯಿ ಒರೆಸಿಕೊಂಡು ಹೊಸ ಬಕಲ್ ಮಾಡಿದ. ಉಕ್ಕಿನದು, ಹೊರೆ ಜಗ್ಗಿದಷ್ಟೂ ಬಿಗಿಯಾಗುವಂಥದ್ದು. ಪಟ್ಟಿಗೆ ನಾನು ನಾಲ್ಕು ಸಾಲು ಹೊಲಿಗೆ ಹಾಕಿದೆ. ಹೊರೆ ಇದ್ದಾಗ ಬಿಚ್ಚೋದು ಹೇಗೆ, ಎಳೆಯೋಕೆ ಒಂದು ದಾರವಾದರೂ ಇಡೋಣವೇ ಎಂದು ನಾನು ಒಮ್ಮೆ ಕೇಳಿದ್ದು ನಿಜ. “ಬಿಚ್ಚೋದ್ಯಾಕೆ? ಮಧ್ಯ ದಾರೀಲಿ ಇಳಿಸೋನು ಹೊರೋದೇ ಬೇಡ” ಎಂದ ವರ್ಲ್. ನಾನೂ ದಾರ ಇಡದೆ ಹೊಲಿದು ಮುಗಿಸಿದೆ. ಆ ಹೊಲಿಗೆಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಮರುವರ್ಷ ಸೆಪ್ಟೆಂಬರಿನಲ್ಲಿ ಆ ಬಕಲ್‌ನ ಪರೀಕ್ಷೆಗೆ ವರ್ಲ್, ನಾನು ಇಬ್ಬರೇ ಹೋದೆವು. ಬೆಳಿಗ್ಗೆ ವರ್ಲ್ ಒಂದು ಗಂಡು ಮೂಸ್ ಹೊಡೆದ. ಕೊಯ್ದು ಮುಗಿಸುವಷ್ಟರಲ್ಲಿ ಮೊಣಕೈವರೆಗೂ ರಕ್ತ, ನನ್ನ ಚಾಕು ಮೊಂಡು. ಎಲುಬು ಸಮೇತ ಹಿಂದಿನ ತೊಡೆ ಎಪ್ಪತ್ತು ಕಿಲೋ ಇತ್ತು. ಅದನ್ನು ಹೊಸ ಚೀಲಕ್ಕೆ ಬಿಗಿದು, ಮಂಡಿಯೂರಿ ಎದ್ದು ನಿಂತು ವರ್ಲ್ ಸೊಂಟದ ಬಕಲ್ ಒತ್ತಿದ. ಟಕ್ ಎಂದಿತು.

“ಏನೇ, ಹೆಂಡ್ತಿ ಕೂಡ ಇಷ್ಟು ಬಿಗಿಯಾಗಿ ಹಿಡ್ಕೊಂಡಿರ್ಲಿಲ್ಲ.”

“ಹಿಡ್ಕೊಂಡಿದ್ರೆ ನೀನು ಹೊಡೀತಿದ್ದೆ ಅವಳಿಗೆ. ನಡಿ ಮುದುಕ.”

ನಾನು ಬಂದೂಕು ಹಿಡಿದು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಜೌಗು ದಾಟುವಾಗ ಗಿಡಗಳ ಸಂದಿಯಿಂದ ಕಂದು ಕರಡಿ ಓಡಿ ಬಂತು. ಗುರುಗುಟ್ಟಲಿಲ್ಲ, ಎದ್ದು ನಿಲ್ಲಲಿಲ್ಲ, ನೇರವಾಗಿ ಬೆನ್ನ ಮೇಲಿನ ತೊಡೆಗೆ ಬಾಯಿ ಹಾಕಿತು. ಅದಕ್ಕೆ ಬೇಕಾಗಿದ್ದು ಮಾಂಸ, ವರ್ಲ್ ಅಲ್ಲ. ಚೀಲ ಕಳಚಿ ಬಿಟ್ಟಿದ್ದರೆ ಎತ್ತಿಕೊಂಡು ಹೋಗುತ್ತಿತ್ತು.

ಎಳೆತಕ್ಕೆ ನನ್ನ ಕಡೆ ತಿರುಗಿದ ವರ್ಲ್ ಬಿಚ್ಚಲೆಂದು ಎರಡೂ ಹೆಬ್ಬೆರಳಿನಿಂದ ಬಕಲ್ ಒತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕರಡಿ ಎಳೆದಷ್ಟೂ ಅದು ಬಿಗಿಯಾಯಿತು. ಕರಡಿ ತಲೆ ಒದರಿತು, ವರ್ಲ್‌ನ ಕಾಲುಗಳು ನೆಲ ಬಿಟ್ಟವು. ಇನ್ನೊಮ್ಮೆ ಒದರಿತು, ಹೆಗಲ ಪಟ್ಟಿಯಲ್ಲಿ ಸಿಕ್ಕಿದ್ದ ಎಡಗೈ ಹಿಂದಕ್ಕೆ ತಿರುಚಿ ಲಟಕ್ಕೆಂದಿತು. ಅವನು ಬಲಗೈ ಮುಷ್ಟಿಯಿಂದ ಅದರ ಮೂತಿಗೆ ಗುದ್ದಿದ. ಆಗ ಅದು ತೊಡೆ ಬಿಟ್ಟು ಮುರಿದ ಕೈಯನ್ನು ಕಚ್ಚಿತು. ಎಲುಬು ಪುಡಿಯಾಗುವ ಸದ್ದು ಇಪ್ಪತ್ತು ಹೆಜ್ಜೆ ದೂರಕ್ಕೂ ಕೇಳಿಸಿತು.

“ಹೊಡಿಯೇ! ನನಗೆ ಬಿದ್ರೂ ಪರ್ವಾಗಿಲ್ಲ, ಹೊಡಿ!”

ಮೊದಲನೆಯ ಗುಂಡು ಅವನಿಗೆ ತಗಲೀತೆಂಬ ಹೆದರಿಕೆಗೆ ಆಕಾಶಕ್ಕೆ ಹೋಯಿತು. ಎರಡನೆಯದು ಕರಡಿಯ ಪಕ್ಕೆಗೆ. ಅದು ನನ್ನ ಕಡೆ ತಿರುಗಿತು. ಮೂರನೆಯದನ್ನು ಆರು ಹೆಜ್ಜೆ ದೂರದಿಂದ ಕತ್ತಿಗೆ ಹೊಡೆದೆ. ಬಿದ್ದ ಮೇಲೂ ಇನ್ನೊಂದು ಹೊಡೆದೆ, ಸಿಟ್ಟಿಗೆ.

ತಿರುಗಿ ನೋಡಿದರೆ ವರ್ಲ್ ಬೋರಲು ಬಿದ್ದಿದ್ದ. ಗೇಣುದ್ದದ ಕೆಸರುನೀರು, ಬೆನ್ನ ಮೇಲೆ ಎಪ್ಪತ್ತು ಕಿಲೋ. ಮುಖ ನೀರಿನೊಳಗಿತ್ತು. ಕರಡಿ ಕೊಲ್ಲದವನನ್ನು ನಮ್ಮ ಚೀಲ ಕೊಲ್ಲುತ್ತಿತ್ತು. ಕೂದಲು ಹಿಡಿದು ತಲೆ ಎತ್ತಿದೆ, ಇನ್ನೊಂದು ಕೈಯಲ್ಲಿ ಪಟ್ಟಿಗಳಿಗೆ ಚಾಕು ಹಾಕಿದೆ. ಹೆಗಲ ಪಟ್ಟಿ ಹೋಯಿತು. ಸೊಂಟದ ಪಟ್ಟಿ ಹೋಗಲಿಲ್ಲ. ಮೊಂಡು ಚಾಕು, ನಾಲ್ಕು ಸಾಲು ಹೊಲಿಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವನು ಅವನು. ಅಳುತ್ತಾ, ಬೈಯುತ್ತಾ, ಗರಗಸದಂತೆ ಕೊಯ್ದೆ. ಮೂರನೇ ಸಾಲು ಹರಿಯುವಾಗ ಹೊರೆಯ ಭಾರಕ್ಕೆ ಅವನ ಉಸಿರು ನಿಂತಿತ್ತು. ನಾಲ್ಕನೆಯದು ಹರಿದ ಮೇಲೆ ಹೊರಳಿಸಿ ಎದೆ ಗುದ್ದಿದೆ, ಬಾಯಿಗೆ ಬಾಯಿಟ್ಟು ಊದಿದೆ. ಕೊನೆಗೆ ಕೆಸರು ಕಕ್ಕಿ ಉಸಿರೆಳೆದ.

ರೇಡಿಯೊದಲ್ಲಿ ಕರೆದ ಮೇಲೆ ಹೆಲಿಕಾಪ್ಟರ್ ಬಂತು. ಆಸ್ಪತ್ರೆಯಲ್ಲಿ ಎಡಗೈಯನ್ನು ಮೊಣಕೈಯ ಮೇಲಿನಿಂದಲೇ ಕತ್ತರಿಸಿ ತೆಗೆದರು.

ಮೂರು ವಾರವಾದ ಮೇಲೆ ವರ್ಲ್ ಶೆಡ್ಡಿಗೆ ಬಂದ. ಗೋಡೆಯುದ್ದಕ್ಕೂ ನಲವತ್ತು ಹೊಸ ಚೀಲ ತೂಗುತ್ತಿದ್ದವು. ಒಂದೊಂದಕ್ಕೂ ಕ್ಲೆಮ್ ಅಚ್ಚು ಹಾಕಿಸಿದ ಚೀಟಿ: ‘ಕರಡಿ ಎಳೆದರೂ ಬಿಡದ ಬಕಲ್’.

“ಸೋಮವಾರ ಹೋಗುತ್ತೆ ಭಾವ. ಎಲ್ಲಾ ನಿನ್ನ ಹೆಸರಲ್ಲೇ. ಒಂದು ಹೂಂ ಅನ್ನು ಸಾಕು.”

ವರ್ಲ್ ಹೂಂ ಅನ್ನಲಿಲ್ಲ, ಹೊಡೆಯಲೂ ಇಲ್ಲ. ನನ್ನ ಮೇಜಿನಿಂದ ದೊಡ್ಡ ಕತ್ತರಿ ತೆಗೆದುಕೊಂಡು ಮೊದಲನೇ ಚೀಲದ ಸೊಂಟದ ಪಟ್ಟಿಗೆ ಹಾಕಿದ. ಪಟ್ಟಿ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಹಿಡಿದುಕೊಳ್ಳಲು ಇನ್ನೊಂದು ಕೈಯಿರಲಿಲ್ಲ.

“ಏನ್ ಮಾಡ್ತಿದೀಯ? ನೆಟ್ಟಿ, ಹಿಡಿಯೇ ಅವನನ್ನ!”

ನಾನು ಮಿಷನ್ ನಿಲ್ಲಿಸಿ ಎದ್ದು ಹೋದೆ. ನಾನೇ ಹೊಲಿದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದೆ. ವರ್ಲ್ ನನ್ನ ಮುಖ ನೋಡಿ ಕತ್ತರಿಸಿದ. ಕ್ಲೆಮ್ ಕೂಗಾಡುತ್ತಲೇ ಇದ್ದ, ನಾವಿಬ್ಬರೂ ಎರಡನೇ ಚೀಲಕ್ಕೆ ಹೋದೆವು.