ಹದಿನೈದು ಪದಗಳ ಕ್ಯಾಂಟನೀಸ್ ಪಂಡಿತ

ಗಲ್ಫಿನಲ್ಲಿ ದುಡಿದವರಿಗೆ ಗೊತ್ತು. ಮುದೀರ್, ಅಂದರೆ ಮ್ಯಾನೇಜರ್, ಏನೇ ಕೇಳಿದರೂ ‘ಬರುವುದಿಲ್ಲ’ ಎನ್ನಬಾರದು. ‘ಶ್ವಯ್ಯ ಶ್ವಯ್ಯ’ ಎನ್ನಬೇಕು. ಸ್ವಲ್ಪ ಸ್ವಲ್ಪ ಬರುತ್ತದೆ ಎಂದು. ಹಾಗೆ ಹೇಳಿ ಹೇಳಿಯೇ ನಾನು ಎಕ್ಸೆಲ್ ಕಲಿತೆ, ಫೋರ್ಕ್‌ಲಿಫ್ಟ್ ಕೂಡ ಕಲಿತೆ.

ಮೊನ್ನೆ ಕುವೈತಿನ ಶುವೈಖ್‌ನ ನಮ್ಮ ಸ್ಪೇರ್‌ಪಾರ್ಟ್ಸ್ ಆಫೀಸಿನಲ್ಲಿ ಮುದೀರ್ ಕೇಳಿದರು, “ನೀವು ಮಂಗಳೂರಿನವರಿಗೆ ಏಳೆಂಟು ಭಾಷೆ ಬರುತ್ತದಲ್ಲ. ಕ್ಯಾಂಟನೀಸ್?”

ಎಲುಬಿಲ್ಲದ ನಾಲಗೆ ನೋಡಿ. “ಶ್ವಯ್ಯ” ಅಂದುಬಿಟ್ಟೆ.

“ಗುಡ್. ಮುಂದಿನ ಭಾನುವಾರ ಚೀನಾದ ಸಪ್ಲೈಯರ್ ಬರುತ್ತಾರೆ. ನೀನೇ ಮಾತಾಡು. ನಿನ್ನ ಇಕಾಮಾ ರಿನ್ಯೂವಲ್ ಆಮೇಲೆ ನೋಡೋಣ.”

ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಇಲ್ಲವೆಂದರೆ ನಾನು, ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು, ಮೂವರೂ ಊರಿನ ವಿಮಾನ ಹತ್ತಬೇಕು.

“ನಿಮ್ಮ ಮಂಡೆ ಸಮ ಉಂಟಾ? ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಎಂತ ಆಗಿತ್ತು?” ಅಂದಳು ಹೆಂಡತಿ. ಮಗಳು ಫೋನಿಗೆ ಆ್ಯಪ್ ಹಾಕಿಕೊಟ್ಟು, “ಪಪ್ಪಾ, ಟೋನ್ಸ್ ಆರ್ ವೆರಿ ಇಂಪಾರ್ಟೆಂಟ್” ಎಂದು ಇನ್ನಷ್ಟು ಹೆದರಿಸಿದಳು.

ಏಳು ದಿನ, ಹದಿನೈದು ಪದ. ಯಾರಾದರೂ ಚಹಾ ಬಗ್ಗಿಸಿಕೊಟ್ಟರೆ ‘ಮ್‌ಗೋಯ್’. ಅದೇ ಮನುಷ್ಯ ಉಡುಗೊರೆ ಕೊಟ್ಟರೆ ‘ದೋಜೆ’. ಎರಡೂ ಥ್ಯಾಂಕ್ಸೇ. (ನಮ್ಮಲ್ಲಿ ಎರಡಕ್ಕೂ ತಲೆ ಅಲ್ಲಾಡಿಸಿದರೆ ಮುಗಿಯಿತು.) ಸ್ನಾನ ಮಾಡುವಾಗಲೂ ಬಾಯಿಪಾಠ ಮಾಡಿದೆ.

ಭಾನುವಾರ ಬಂತು. ಸಪ್ಲೈಯರ್ ಎಪ್ಪತ್ತರ ಆಸುಪಾಸಿನ ಅಜ್ಜ. ಕೈ ಕುಲುಕಿ ಕೇಳಿದರು: “ಸಿಕ್ ಜೋ ಫಾನ್ ಮೇ?”

ಊಟ ಆಯ್ತಾ? ಸದ್ಯ, ಇದು ಕಲಿತದ್ದೇ. ನಮ್ಮ ತುಳುವಿನ ‘ಒಣಸ್ ಆಂಡಾ’ ಇದ್ದ ಹಾಗೆ, ಸುಮ್ಮನೆ ಕುಶಲ ವಿಚಾರಿಸುವುದು. ಹೊಟ್ಟೆ ಖಾಲಿ ಇದ್ದರೂ ‘ಆಯ್ತು’ ಎನ್ನುವುದೇ ಅಲ್ಲೂ ಇಲ್ಲೂ ಮರ್ಯಾದೆ.

ನನ್ನ ಬಾಯಿಂದ ಬಂದದ್ದು “ಮೇ”. ಇನ್ನೂ ಇಲ್ಲ. ಬೆಳಿಗ್ಗೆಯಿಂದ ಹೆದರಿಕೆಯಲ್ಲಿ ನೀರೂ ಕುಡಿದಿರಲಿಲ್ಲ, ನಿಜ ಹೊರಗೆ ಬಿತ್ತು.

ಅಜ್ಜ ನನ್ನ ಮುಖವನ್ನೇ ನೋಡಿದರು. ಫೈಲ್ ಮುಚ್ಚಿದರು. “ಫಸ್ಟ್, ಹಿ ಈಟ್” ಎಂದರು ಮುದೀರ್‌ಗೆ. ಬಿರಿಯಾನಿ ತರಿಸಿದರು. ಪಕ್ಕದಲ್ಲೇ ಕೂತು ತಾವೇ ಬಡಿಸಿದರು. “ಮ್‌ಗೋಯ್” ಎಂದೆ. ಖುಷಿಯಾಗಿ ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ತೋರಿಸುತ್ತಾ ಏನೇನೋ ಹೇಳಿದರು. ಒಂದಕ್ಷರ ಅರ್ಥವಾಗದೆ ನಗುತ್ತಾ ಕೂತೆ. ರೇಟ್ ಲಿಸ್ಟ್ ಇಂಗ್ಲಿಷಿನಲ್ಲೇ ಇತ್ತು. ಅಜ್ಜ ಕೈ ತೊಳೆದು ಬಂದು ಸಹಿ ಹಾಕಿದರು.

ಎಲ್ಲವನ್ನೂ ನೋಡುತ್ತಿದ್ದ ಮುದೀರ್ ಪೇಪರ್ ಕೆಲಸದವನನ್ನು ಕರೆದರು. “ಇವನ ಇಕಾಮಾ ರಿನ್ಯೂ ಮಾಡಿಸು. ಸೇಲ್ಸ್‌ಮನ್ ಬೇಡ, ಟ್ರಾನ್ಸ್‌ಲೇಟರ್ ಅಂತ ಹಾಕಿಸು. ಇನ್ನು ಪ್ರತಿ ತಿಂಗಳು ಚೀನಾದವರು ಬರುತ್ತಾರೆ.”

ಹೆಂಡತಿ ಪಾಯಸ ಮಾಡಿದಳು. ನಾನು ಮಾತ್ರ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಆ್ಯಪ್ ತೆರೆದ ಫೋನ್ ಹಿಡಿದು ಕೂತಿದ್ದೇನೆ. ಮುಂದಿನ ತಿಂಗಳು ಬರುವವರು ಊಟದ ವಿಷಯ ಬಿಟ್ಟು ಬೇರೇನಾದರೂ ಕೇಳಿದರೆ?