ಗಾದಿಯ ತಗ್ಗು

ಹಸನಬಿಯ ಮನೆಯನ್ನು ದೊಡ್ಡದು ಮಾಡಲು ಹೊರಟವಳು ಸೊಸೆ ನಿಲೋಫರ. ಗೋಡೆ ಒಡೆಯುವಂತಿರಲಿಲ್ಲ, ಬಾಡಿಗೆ ಮನೆ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಿಗುವ ಕಟ್ಟಡದ ಮೇಲಂತಸ್ತಿನಲ್ಲಿ ಅಂಗೈಯಗಲದ ಎರಡು ಖೋಲಿ, ಒಂದು ಅಡುಗೆಕಟ್ಟೆ. ಕೆಳಗಿನ ಅಂಗಡಿಯಲ್ಲಿ ಮಗ ಯೂಸುಫನ ಹತ್ತಿ ಹಿಂಜುವ ಮಶೀನು.

ಹೊಳೆಮಣ್ಣೂರಿನಲ್ಲಿದ್ದಾಗ ಇವರಿಗೂ ಪಡಸಾಲೆ, ಹಿತ್ತಲು ಎಲ್ಲ ಇತ್ತು. ಮಲಪ್ರಭೆ ಒಂದು ವರ್ಷ ಹೇಳದೆ ಕೇಳದೆ ಮನೆಯೊಳಗೆ ಬಂದು ಹೋದ ಮೇಲೆ ಗೋಡೆಗಳು ಒಂದೊಂದಾಗಿ ಕುಸಿದು ಕೂತವು. ನೀರು ನುಗ್ಗಿದ ದಿನ ಹಸನಬಿಯ ಗಂಡ ನಜೀರಸಾಬ ಜೋಳದ ಚೀಲ ಬಿಟ್ಟು ತಮ್ಮ ಗಾದಿಯನ್ನು ಅಟ್ಟಕ್ಕೆ ಏರಿಸಿದ. ಪಿಂಜಾರನಿಗೆ ಗಾದಿ ಮೊದಲು, ಹೊಟ್ಟೆ ಆಮೇಲೆ. ಊರೆಲ್ಲ ನಕ್ಕಿತು. ಅದೊಂದು ಗಾದಿಯನ್ನು ಸುತ್ತಿಕೊಂಡು ಹೆಂಡತಿ ಮಗನೊಂದಿಗೆ ಗಜೇಂದ್ರಗಡಕ್ಕೆ ಬಂದ.

ಈಗ ನಜೀರಸಾಬ ಇಲ್ಲ. ಹಸನಬಿ ಇದ್ದತ್ತಿನಲ್ಲಿ ಕೂತಿದ್ದಾಳೆ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಆ ಎರಡು ಖೋಲಿಯೇ ಅತ್ತೆಯ ಓಣಿ, ಅತ್ತೆಯ ಸಂತೆ ಎಂದ ಮೇಲೆ ಅದನ್ನಷ್ಟು ಅಗಲ ಮಾಡೋಣ ಎನಿಸಿದ್ದು ಸೊಸೆಯ ಒಳ್ಳೆಯತನ. ಅಲ್ಲ ಎಂದವರ ಬಾಯಲ್ಲಿ ಹುಳ ಬೀಳಲಿ.

ಹಸನಬಿ ಮಾತ್ರ ಅತ್ತಿರಲಿಲ್ಲ. ಮಣ್ಣಿನ ದಿನವೂ ಇಲ್ಲ, ಆಮೇಲೂ ಇಲ್ಲ. ಬಂದ ಹೆಂಗಸರು ಅಪ್ಪಿಕೊಂಡು ಅತ್ತು, ಚಹಾ ಕುಡಿದು, 'ಈಕೀ ಎದಿ ಕಲ್ಲ ನೋಡವಾ' ಎಂದು ಮೆಟ್ಟಿಲ ಮೇಲೆ ಪಿಸುಗುಟ್ಟಿ ಇಳಿದರು. ಕಲ್ಲಲ್ಲ, ಜೋಮು. ಬಹಳ ಹೊತ್ತು ಒಂದೇ ಮಗ್ಗುಲಾಗಿ ಮಲಗಿದಾಗ ಕೈಗೆ ಜೋಮು ಹಿಡಿದು ಅದು ತನ್ನದೇ ಅಲ್ಲ ಎನ್ನಿಸುತ್ತದಲ್ಲ, ಹಸನಬಿಗೆ ಹಾಗೆ ಮೈಯೆಲ್ಲ ಹಿಡಿದಿತ್ತು.

ನಿಲೋಫರ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕೆಲಸ ಶುರು ಮಾಡಿದಳು. ಗೋಡೆಗೆ ಹಾಲಿನ ಬಣ್ಣ ಬಂತು. ಕಿಟಕಿಯ ದಪ್ಪ ಪರದೆ ಹೋಗಿ ತೆಳುವಾದದ್ದು ಬಂತು. ಕಿಟಕಿಯ ಎದುರು ಗೋಡೆಗೆ ಆಳೆತ್ತರದ ಕನ್ನಡಿ ನಿಲ್ಲಿಸಿದ್ದೇ ತಡ, ಗುಡ್ಡವೂ ಅದರ ಮೇಲೆ ತಿರುಗುವ ಗಾಳಿಯಂತ್ರಗಳೂ ಖೋಲಿಯೊಳಗೆ ಬಂದು ನಿಂತವು. ಪ್ರತಿಯೊಂದಕ್ಕೂ ಅತ್ತೆಯನ್ನು ಕೇಳಿಯೇ ಮಾಡಿದಳು.

"ಅತ್ತಿ, ಈ ಟ್ರಂಕ ಮಂಚದ ಕೆಳಗ ನೂಕ್ಲೇನ್ರಿ?"

"ನೂಕವಾ."

"ಈ ತಾಮ್ರದ ಹಂಡೇನ ಯಾರಿಗರೆ ಕೊಡೂಣೇನ್ರಿ? ಜಾಗಾ ಭಾಳ ತಿಂತೈತಿ."

"ಕೊಡವಾ."

ಕೋಲೆಬಸವ ಕೂಡ ಹತ್ತು ಸಲ ಹೌದೆಂದರೆ ಒಂದು ಸಲ ಅಲ್ಲವೆಂದು ತಲೆಯಾಡಿಸುತ್ತದೆ. ಹಸನಬಿ ಅಷ್ಟೂ ಮಾಡಲಿಲ್ಲ.

ಉಳಿದದ್ದು ಮಂಚದ ಮೇಲಿನ ಆ ಗಾದಿ. ನಜೀರಸಾಬ ಊರ ಮಂದಿಯ ಗಾದಿಗಳನ್ನೆಲ್ಲ ಹಿಂಜಿ ಹೊಸದು ಮಾಡಿದವನು, ತನ್ನದನ್ನು ಮಾತ್ರ ಮುಟ್ಟಿರಲಿಲ್ಲ. ಭಾರದ ಆಳು. ಗೋಡೆಯ ಮಗ್ಗುಲಿಗೆ ಅವನು ಮಲಗಿ ಮಲಗಿ ಅವನುದ್ದದ ತಗ್ಗು ಬಿದ್ದಿತ್ತು. ಇತ್ತ ಅಂಚಿನಲ್ಲಿ ಮಲಗಿದ ಹಸನಬಿ ಆ ಇಳಿಜಾರಿನಲ್ಲಿ ನಿದ್ದೆಯಲ್ಲೇ ಜಾರಿ ಅವನ ಬೆನ್ನಿಗೆ ಹೋಗಿ ತಗಲುತ್ತಿದ್ದಳು. ಅವನು ಅರೆನಿದ್ದೆಯಲ್ಲಿ, "ಬಂದ್ಯಾ?" ಅನ್ನುತ್ತಿದ್ದ. ಈಕೆ, "ಬಂದೆರಿ" ಅನ್ನುತ್ತಿದ್ದಳು. ಇಬ್ಬರ ಸಂಸಾರದ ಸರಸವೆಂದರೆ ಇಷ್ಟೇ. ಅವನು ಹೋದಾಗಿನಿಂದ ಹಸನಬಿ ಮಂಚದ ಪಟ್ಟಿ ಹಿಡಿದು ಅಂಚಿನಲ್ಲೇ ಮಲಗುತ್ತಿದ್ದಳು. ತಗ್ಗನ್ನು ಅವನಿಗಾಗಿ ಖಾಲಿ ಬಿಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಯೂಸುಫ ಒಂದು ಮುಂಜಾನೆ ಗಾದಿಯ ಮೇಲೆ ಅಂಗೈ ಒತ್ತಿ ನೋಡಿದ. "ಅವ್ವಾ, ಗಾದಿ ಹೊಲಿಯಾವ್ರ ಮನ್ಯಾಗ ಇಂಥಾ ಗಂಟ ಗಾದಿ ಇದ್ರ ಮಂದಿ ನಗ್ತಾರ. ಬಿಚ್ಚಿ ಹಿಂಜಿ ಕೊಡ್ತೇನಿ. ಮಂಚ ಸಪಾಟಾದ್ರ ಖೋಲಿನೂ ದೊಡ್ಡದ ಕಾಣ್ತೈತಿ."

ಬೇರೆ ಯಾರ ಮಗನಾಗಿದ್ದರೂ ಅಪ್ಪನ ಹಾಸಿಗೆಯನ್ನು ಹಾಗೇ ಮಡಚಿ ಇಡುತ್ತಿದ್ದ. ಪಿಂಜಾರನ ಮಗ, ಹಿಂಜುವುದೇ ಅವನಿಗೆ ಗೊತ್ತಿದ್ದ ಪ್ರೀತಿ.

"ಮಾಡಪಾ," ಎಂದಳು ಹಸನಬಿ.

ಮಗ ಸೊಸೆ ಸೇರಿ ಗಾದಿ ಹೊತ್ತು ಇಳಿದರು. ಹಸನಬಿ ಕನ್ನಡಿಯಲ್ಲಿ ಗುಡ್ಡ ನೋಡುತ್ತ ಕೂತಳು. ಕೆಳಗೆ ಮಶೀನು ಶುರುವಾಗಿ ನೆಲ ಅದುರಿದಾಗಲೇ ಆಕೆಗೆ ತಾನೇನು ಹೇಳಿದೆ ಎಂಬುದು ತಿಳಿದದ್ದು. ಎದ್ದು ಬಾಗಿಲಿಗೆ ಓಡಿದಳು. ಹೊಸ್ತಿಲ ಮೇಲೆ ಕಾಲು ನಿಂತಿತು. "ಯೂಸುಫಾ! ಏ ಯೂಸುಫಾ!" ಎಂದು ಕೂಗಿದಳು. ಮಶೀನಿನ ಗದ್ದಲದಲ್ಲಿ ಆ ಕೂಗು ಯಾರಿಗೆ ಕೇಳಬೇಕು? ದಾಟಿದರೆ ಇದ್ದತ್ತು ಮುರಿಯುತ್ತದೆ, ಗಂಡನ ಹೆಸರಲ್ಲಿ ಕೂತ ಇದ್ದತ್ತು. ದಾಟದಿದ್ದರೆ ಅವನ ತಗ್ಗು ಹೋಗುತ್ತದೆ. ಚೌಕಟ್ಟು ಹಿಡಿದು ನಿಂತೇ ಇದ್ದಳು. ಹತ್ತಿಯ ಧೂಳು ಮೆಟ್ಟಿಲೇರಿ ಬಂದು ಆಕೆಯ ಕೈಮೇಲೆ ಕೂತಿತು. ಮಶೀನು ನಿಂತಾಗ ಆಕೆ ಕೂಗುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು.

ಹಿಂಜಿದ ಹತ್ತಿಯನ್ನು ಹೊಸ ಬಟ್ಟೆಗೆ ತುಂಬಿ ಮೇಲೆ ತಂದರು. ಹೊಲಿಗೆ ಮೊದಲಿನಿಂದಲೂ ಹಸನಬಿಯದೇ. ನಜೀರಸಾಬ ಹಿಂಜಬೇಕು, ಇವಳು ದಬ್ಬಣ ಹಿಡಿಯಬೇಕು. 'ನಮ್ಮಾಕಿ ಹೊಲಿದ ಗಾದಿ ಮ್ಯಾಲೆ ತುಂಬಿದ ಚಾದ ಕಪ್ಪ ಇಟ್ರ ಹನಿ ಚೆಲ್ಲಂಗಿಲ್ಲ' ಎಂದು ಗಿರಾಕಿಗಳ ಮುಂದೆ ಅವನು ಕೊಚ್ಚಿಕೊಳ್ಳುತ್ತಿದ್ದ. ಹಸನಬಿ ಗೋಡೆಯ ಮಗ್ಗುಲಿನ ಹತ್ತಿಯನ್ನು ಕೈಯಿಂದ ಸರಿಸಿ ತೆಳ್ಳಗೆ ಮಾಡಿದಳು. ಅಲ್ಲಿ ದಾರ ಎಳೆದೆಳೆದು ಬಿಗಿದಳು. ಹೆಗಲಿನ ಕಡೆ ಅಗಲ, ಕಾಲಿನ ಕಡೆ ಕಿರಿದು. ಅಳತೆ ಕೈಗೆ ಗೊತ್ತಿತ್ತು.

ಸಂಜೆ ಪಕ್ಕದ ಮನೆಯ ಸುಶೀಲವ್ವ ಬಂದು ಕನ್ನಡಿ, ಗೋಡೆ ಎಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. "ಮನಿ ಭಾಳ ದೊಡ್ಡದ ಆಗೇತ್ರಿ! ನಮ್ಮದು ಇಷ್ಟ ಐತಿ, ಕಾಲಿಡಾಕ ಜಾಗಾ ಇಲ್ಲ." ಮಂಚದ ಮೇಲೆ ಕೂರಲು ಹೋದವಳು ಪಕ್ಕಕ್ಕೆ ವಾಲಿದಳು. "ಅಯ್ಯ, ನಿಮ್ಮ ಕೈಯಾಗಿನ ಗಾದ್ಯಾಗ ತಗ್ಗ ಏನ್ರಿ!"

ನಿಲೋಫರ ಮುಖ ಸಣ್ಣದು ಮಾಡಿದಳು. "ಅತ್ತೀಗೆ ಈಗ ಕೈ ನಿಲ್ಲವಲ್ದು. ಬಿಚ್ಚಿ ಮತ್ತ ಹೊಲಿಯೂಣ್ರಿ ಅತ್ತಿ."

"ಬ್ಯಾಡ."

ಇಷ್ಟು ದಿನದಲ್ಲಿ ಹಸನಬಿ ಬೇಡವೆಂದದ್ದು ಇದೇ ಮೊದಲು. ಸುಶೀಲವ್ವ ಚಹಾ ಕುಡಿಯದೆ ಎದ್ದಳು. ನಿಲೋಫರ ಅಡುಗೆಕಟ್ಟೆಗೆ ಹೋಗಿ ರೊಟ್ಟಿಗೆ ಕೂತಳು.

ಹಸನಬಿ ತನ್ನ ಅಂಚಿನಲ್ಲಿ ಮಲಗಿದಳು. ಈ ಸಲ ಮಂಚದ ಪಟ್ಟಿ ಹಿಡಿಯಲಿಲ್ಲ. ಮೈ ಮೆಲ್ಲಗೆ ಜಾರಿತು. ತಗ್ಗು ಸರಿಯಾಗಿಯೇ ಬಂದಿತ್ತು. ಆದರೆ ತಡೆಯಲು ಬೆನ್ನು ಸಿಗಲಿಲ್ಲ. ಜಾರಿ ಜಾರಿ ತಗ್ಗಿನ ನಡುವಿಗೆ ಬಂದಳು, ಕೈ ತಣ್ಣನೆಯ ಗೋಡೆಗೆ ತಗಲಿತು. ಅವನ ಜಾಗದಲ್ಲಿ ತಾನೇ ಮಲಗಿದ್ದಳು.

"ಬಂದೆರಿ," ಎಂದಳು.

ರೊಟ್ಟಿ ಬಡಿಯುವ ಸದ್ದು ನಿಂತಿತು. ನಿಲೋಫರ ಹಿಟ್ಟಿನ ಕೈಯಲ್ಲೇ ಬಂದು ನೋಡಿದಾಗ ಅತ್ತೆ ಗೋಡೆಗೆ ಮುಖ ಹಚ್ಚಿ ದೊಡ್ಡ ದನಿ ತೆಗೆದು ಅಳುತ್ತಿದ್ದಳು.